ಯೇಲ್–ಎನ್‌ಯುಎಸ್: ತುಂಬಿದ ತರಗತಿಗಳಿದ್ದೂ ಮುಚ್ಚಿದ ಕಾಲೇಜು

2021ರ ಆಗಸ್ಟ್ 27ರ ಶುಕ್ರವಾರ, ಅಮೆರಿಕದ ಯೇಲ್ ವಿಶ್ವವಿದ್ಯಾಲಯ ಮತ್ತು ಸಿಂಗಪುರ ರಾಷ್ಟ್ರೀಯ ವಿಶ್ವವಿದ್ಯಾಲಯ (ಎನ್‌ಯುಎಸ್) ಸೇರಿ ಸಿಂಗಪುರದಲ್ಲಿ ಕಟ್ಟಿದ ಯೇಲ್–ಎನ್‌ಯುಎಸ್ ಕಾಲೇಜಿನ ವಿದ್ಯಾರ್ಥಿಗಳಿಗೆ ತಮ್ಮ ಕಾಲೇಜು ಮುಚ್ಚಲಿದೆ ಎಂಬ ಸುದ್ದಿ ತಿಳಿಯಿತು. ಮೊದಲ ವರ್ಷದವರು ಬಂದು ಸೇರಿ ಕೆಲವೇ ವಾರಗಳಾಗಿದ್ದವು. ಅವರೇ ಕೊನೆಯ ತಂಡ, 2022ರಿಂದ ಪ್ರವೇಶವಿಲ್ಲ, 2025ರಲ್ಲಿ ಅವರ ಕೈಗೆ ಪದವಿ ಬಂದ ಮೇಲೆ ಕಾಲೇಜೇ ಇರುವುದಿಲ್ಲ ಎಂದು ಆಡಳಿತ ಹೇಳಿತು. ಪ್ರವೇಶಕ್ಕೆ ಅರ್ಜಿಗಳ ಕೊರತೆ ಇರಲಿಲ್ಲ. ಹಗರಣವೂ ಇರಲಿಲ್ಲ. ಏಷ್ಯಾದಲ್ಲಿ ಉದಾರ ಶಿಕ್ಷಣದ (ಒಂದೇ ವಿಷಯಕ್ಕೆ ಕಟ್ಟುಬೀಳದೆ ಸಾಹಿತ್ಯ, ತತ್ತ್ವಶಾಸ್ತ್ರ, ವಿಜ್ಞಾನ ಎಲ್ಲವನ್ನೂ ಓದಿಸುವ ಪದ್ಧತಿಯ) ಹೊಸ ಮಾದರಿ ಎಂದು ಪಶ್ಚಿಮದ ಪತ್ರಿಕೆಗಳೂ ಹೊಗಳಿದ್ದ ಸಂಸ್ಥೆ ಅದು. ಬಾಗಿಲು ತೆರೆದು ಎಂಟೇ ವರ್ಷವಾಗಿತ್ತು.

ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಕೈಜೋಡಿಸುವ ಮಾತು ಈಗ ನಮ್ಮಲ್ಲೂ ಜೋರಾಗಿರುವುದರಿಂದ ಈ ಪ್ರಕರಣವನ್ನು ಬಿಡಿಸಿ ನೋಡುವುದು ಒಳ್ಳೆಯದು. ಕಾಲೇಜು ಹುಟ್ಟುವ ಮೊದಲೇ ಅದರ ಬಗ್ಗೆ ದೊಡ್ಡ ವಾದ ನಡೆದಿತ್ತು. ವಾದದ ವಿಷಯ ಸ್ವಾತಂತ್ರ್ಯ. ಆದರೆ ಕಾಲೇಜನ್ನು ಮುಗಿಸಿದ್ದು, ಆ ವಾದದಲ್ಲಿ ಯಾರೂ ಹೆಚ್ಚು ಗಮನಿಸದ ಬೇರೆಯೇ ಸಂಗತಿ: ಸಂಸ್ಥೆಯ ಒಡೆತನ ಯಾರದು, ಪದವಿ ಪತ್ರದ ಮೇಲೆ ಯಾರ ಹೆಸರಿದೆ, ಹೊರಟುಹೋಗುವ ಬಾಗಿಲ ಕೀಲಿ ಯಾರ ಬಳಿ ಇದೆ ಎಂಬುದು.

ಸಿಂಗಪುರಕ್ಕೆ ಏಕೆ ಬೇಕಿತ್ತು

2002ರ ಹೊತ್ತಿಗೆ ಸಿಂಗಪುರ ಸರ್ಕಾರ ತನ್ನ ನಗರವನ್ನು ಜಗತ್ತಿನ ಶಾಲೆಯನ್ನಾಗಿಸುವ ಯೋಜನೆ ಹಾಕಿಕೊಂಡಿತ್ತು. ‘ಗ್ಲೋಬಲ್ ಸ್ಕೂಲ್‌ಹೌಸ್’ ಎಂದು ಅದರ ಹೆಸರು. 2015ರ ವೇಳೆಗೆ 1.5 ಲಕ್ಷ ವಿದೇಶಿ ವಿದ್ಯಾರ್ಥಿಗಳನ್ನು ಸೆಳೆಯುವುದು ಗುರಿ. ಇದರ ಹಿಂದೆ ನಿಂತದ್ದು ಅಲ್ಲಿನ ಆರ್ಥಿಕ ಅಭಿವೃದ್ಧಿ ಮಂಡಳಿ ಎಂಬುದನ್ನು ಗಮನಿಸಬೇಕು. ಕಾರ್ಖಾನೆಗಳನ್ನು ಕರೆತರುವ ಕೆಲಸ ಮಾಡುತ್ತಿದ್ದವರೇ ವಿಶ್ವವಿದ್ಯಾಲಯಗಳನ್ನೂ ಕರೆತರಲು ಹೊರಟಿದ್ದರು.

ಬಂದವರೆಲ್ಲ ನಿಲ್ಲಲಿಲ್ಲ. ಬ್ರಿಟನ್ನಿನ ವಾರಿಕ್ ವಿಶ್ವವಿದ್ಯಾಲಯ ಬರುವ ಮಾತುಕತೆ ನಡೆಸಿ, ಶೈಕ್ಷಣಿಕ ಸ್ವಾತಂತ್ರ್ಯದ ಬಗ್ಗೆ ತನ್ನ ಅಧ್ಯಾಪಕರು ಎತ್ತಿದ ಆತಂಕದ ನಡುವೆ 2005ರಲ್ಲಿ ಹಿಂದೆ ಸರಿಯಿತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯ 2007ರಲ್ಲಿ ಕ್ಯಾಂಪಸ್ ತೆರೆದೇ ತೆರೆಯಿತು. ಮೊದಲ ಸೆಮಿಸ್ಟರಿಗೆ 300 ವಿದ್ಯಾರ್ಥಿಗಳ ನಿರೀಕ್ಷೆಯಿದ್ದ ಕಡೆ ಬಂದವರು 148. ಸಿಡ್ನಿಯ ಆಡಳಿತ ಲೆಕ್ಕ ಹಾಕಿ ನೋಡಿತು, ಆ ಒಂದು ಸೆಮಿಸ್ಟರ್ ಮುಗಿಯುತ್ತಿದ್ದಂತೆ ಕ್ಯಾಂಪಸ್ ಮುಚ್ಚಿತು.

ಇದರಿಂದ ಸಿಂಗಪುರ ಕಲಿತ ಪಾಠ ಸ್ಪಷ್ಟವಿತ್ತು. ಬೇರೆಯವರ ಶಾಖೆಯನ್ನು ನಂಬಿ ಕೂರುವ ಬದಲು ಕಾಲೇಜಿನ ಮಾಲೀಕತ್ವ ನಮ್ಮದಿರಲಿ, ಹೊರಗಿನವರು ಜೊತೆಗಾರರಾಗಿ ಬರಲಿ. ಸಿಂಗಪುರ ರಾಷ್ಟ್ರೀಯ ವಿಶ್ವವಿದ್ಯಾಲಯ, ಅಂದರೆ ಎನ್‌ಯುಎಸ್, 2005ರಲ್ಲೇ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದೊಂದಿಗೆ ವೈದ್ಯಕೀಯ ಶಾಲೆಗೆ ಇಂಥ ಒಪ್ಪಂದ ಮಾಡಿಕೊಂಡಿತ್ತು. 2011ರಲ್ಲಿ ಯೇಲ್ ಸರದಿ ಬಂತು.

ಯೇಲ್‌ನ ಅಂದಿನ ಅಧ್ಯಕ್ಷ ರಿಚರ್ಡ್ ಲೆವಿನ್ 1993ರಿಂದ ಆ ಹುದ್ದೆಯಲ್ಲಿದ್ದವರು. ಯೇಲನ್ನು ಜಾಗತಿಕ ವಿಶ್ವವಿದ್ಯಾಲಯವನ್ನಾಗಿಸುವುದು ಅವರ ಕನಸಾಗಿತ್ತು. ಸಿಂಗಪುರದ ಪ್ರಸ್ತಾಪ ಅವರಿಗೆ ಅಂಗೈಯಲ್ಲಿ ಬೆಲ್ಲವಿಟ್ಟಂತೆ ಕಂಡಿರಬೇಕು. ಕಟ್ಟಡ, ಸಂಬಳ, ವಿದ್ಯಾರ್ಥಿವೇತನ ಎಲ್ಲದರ ಖರ್ಚು ಸಿಂಗಪುರದ್ದು. ಯೇಲ್ ಕೊಡಬೇಕಾದದ್ದು ತನ್ನ ಹೆಸರು, ಪಠ್ಯಕ್ರಮ ರೂಪಿಸುವ ಮತ್ತು ಅಧ್ಯಾಪಕರನ್ನು ಆರಿಸುವ ಅನುಭವ, ಆಡಳಿತ ಮಂಡಳಿಯಲ್ಲಿ ಅರ್ಧದಷ್ಟು ಸದಸ್ಯರು. ಪದವಿ ಮಾತ್ರ ಎನ್‌ಯುಎಸ್‌ನದು. ಇಲ್ಲಿ ಓದಿದವರು ಯೇಲ್ ಪದವೀಧರರಲ್ಲ, ಯೇಲ್ ಹಳೆ ವಿದ್ಯಾರ್ಥಿ ಸಂಘದ ‘ಅಂತರರಾಷ್ಟ್ರೀಯ ಸಹವರ್ತಿಗಳು’.

ಯೇಲ್ ತನ್ನ ಹೆಸರನ್ನು ಫಲಕದ ಮೇಲೆ ಹಾಕಿಸಿಕೊಂಡಿತು, ಪದವಿ ಪತ್ರದ ಮೇಲೆ ಹಾಕಲಿಲ್ಲ. ತನ್ನ ಪದವಿಯ ಮೌಲ್ಯ ಕಾಪಾಡಿಕೊಳ್ಳಲು ಅಂದು ಅದು ಜಾಣ ನಿರ್ಧಾರವೆನಿಸಿತ್ತು. ಆದರೆ ಪದವಿ ಯಾರದೋ ಕಾಲೇಜು ಅವರದೇ. ಹತ್ತು ವರ್ಷಗಳ ನಂತರ ಯೇಲ್‌ಗೆ ಇದು ಚೆನ್ನಾಗಿಯೇ ಅರ್ಥವಾಯಿತು.

ರಾಮಾಯಣ ಓದಿದ ರಸಾಯನಶಾಸ್ತ್ರದ ಹುಡುಗರು

ಒಪ್ಪಂದದ ಕಾಗದಗಳನ್ನು ಪಕ್ಕಕ್ಕಿಟ್ಟು ಕಾಲೇಜಿನ ಒಳಗೆ ನಡೆದದ್ದನ್ನು ನೋಡಿದರೆ, ಈ ಪ್ರಯೋಗವನ್ನು ಸುಲಭವಾಗಿ ತಳ್ಳಿಹಾಕಲು ಮನಸ್ಸು ಬರುವುದಿಲ್ಲ.

ಮೊದಲ ಅಧ್ಯಾಪಕರ ತಂಡವನ್ನು ನೇಮಿಸಿ, ತರಗತಿಗಳು ಶುರುವಾಗುವ ಮುಂಚಿನ ವರ್ಷವನ್ನು ಯೇಲ್ ಇರುವ ನ್ಯೂ ಹೇವನ್‌ನಲ್ಲಿ ಕಳೆಯಲು ಬಿಟ್ಟರು. ಪಾಠ ಮಾಡುವ ಹೊರೆಯಿಲ್ಲ. ಏನನ್ನು ಕಲಿಸಬೇಕು ಎಂದು ಜಗಳವಾಡುವುದೇ ಕೆಲಸ. ಇಷ್ಟು ಬಿಡುವು ಸಿಗುವ ಅದೃಷ್ಟ ಯಾವ ವಿಶ್ವವಿದ್ಯಾಲಯದ ಪಠ್ಯಕ್ರಮ ಸಮಿತಿಗಿದೆ? ನಮ್ಮಲ್ಲಿ ಒಂದು ಮಧ್ಯಾಹ್ನದ ಸಭೆ, ಬೋಂಡಾ, ಕಾಫಿ, ಸಹಿ.

ಆ ವರ್ಷದ ಜಗಳದಿಂದ ಹೊರಬಂದದ್ದು ‘ಸಾಮಾನ್ಯ ಪಠ್ಯಕ್ರಮ’. ಮುಂದೆ ಗಣಿತ ಓದುವವರಿರಲಿ, ಮಾನವಶಾಸ್ತ್ರ ಓದುವವರಿರಲಿ, ಮೊದಲು ಎಲ್ಲರೂ ಒಂದೇ ಬಗೆಯ ತರಗತಿಗಳಲ್ಲಿ ಕೂರಬೇಕು: ಸಾಹಿತ್ಯ ಮತ್ತು ಮಾನವಿಕ, ತತ್ತ್ವಶಾಸ್ತ್ರ ಮತ್ತು ರಾಜಕೀಯ ಚಿಂತನೆ, ಸಮಾಜವನ್ನು ತೌಲನಿಕವಾಗಿ ನೋಡುವ ಬಗೆ, ವೈಜ್ಞಾನಿಕ ವಿಚಾರಣೆ, ಅಂಕಿಸಂಖ್ಯೆಗಳ ತರ್ಕ. ಸಾಹಿತ್ಯದ ತರಗತಿಯಲ್ಲಿ ರಾಮಾಯಣವನ್ನು ಗ್ರೀಕ್ ಮಹಾಕಾವ್ಯ ಒಡಿಸ್ಸಿಯ ಜೊತೆಗಿಟ್ಟು ಓದಿಸಿದರು. ತತ್ತ್ವಶಾಸ್ತ್ರದಲ್ಲಿ ಗ್ರೀಕರ ಪಕ್ಕದಲ್ಲೇ ಕನ್‌ಫ್ಯೂಷಿಯಸ್, ಬೌದ್ಧ ಚಿಂತಕರು. ಅಮೆರಿಕದ ಕಾಲೇಜುಗಳಲ್ಲಿ ‘ಮಹಾನ್ ಗ್ರಂಥಗಳು’ ಎಂದರೆ ಅಥೆನ್ಸಿನಿಂದ ಹೊರಟು ಲಂಡನ್ನಿಗೆ ತಲುಪುವ ದಾರಿ. ಏಷ್ಯಾದ್ದು ಬಂದರೆ ಐಚ್ಛಿಕ ವಿಷಯವಾಗಿ ಬರುತ್ತದೆ. ನಮ್ಮ ವಿಶ್ವವಿದ್ಯಾಲಯಗಳಲ್ಲಾದರೂ ತತ್ತ್ವಶಾಸ್ತ್ರ ವಿಭಾಗದಲ್ಲಿ ‘ಭಾರತೀಯ’ ಒಂದು ಪತ್ರಿಕೆ, ‘ಪಾಶ್ಚಾತ್ಯ’ ಇನ್ನೊಂದು ಪತ್ರಿಕೆ. ಎರಡೂ ಒಂದೇ ಮೇಜಿನ ಮೇಲೆ ಎದುರುಬದುರಾಗಿ ಕೂರುವುದು ಅಪರೂಪ. ಯೇಲ್–ಎನ್‌ಯುಎಸ್ ಅವುಗಳನ್ನು ಕೂರಿಸಿತು, ಅದೂ ಎಲ್ಲ ವಿದ್ಯಾರ್ಥಿಗಳ ಎದುರಿಗೆ.

ನಿಜವಾದ ಅಂತರರಾಷ್ಟ್ರೀಯ ಶಿಕ್ಷಣ ಎಂದರೆ ನನ್ನ ಮಟ್ಟಿಗೆ ಇದು. ಬೇರೆ ದೇಶದಲ್ಲಿ ಒಂದು ಸೆಮಿಸ್ಟರ್ ಕಳೆದು ಫೋಟೊ ತೆಗೆಸಿಕೊಂಡು ಬರುವುದಕ್ಕಿಂತ, ಕೊರಿಯಾದ ಹುಡುಗಿ, ಸಿಂಗಪುರದ ತಮಿಳು ಹುಡುಗ, ಅಮೆರಿಕದ ಇನ್ನೊಬ್ಬಳು ಸೇರಿ ವಾಲಿವಧೆ ನ್ಯಾಯವೇ ಎಂದು ವಾದಿಸುವುದರಿಂದ ಹೆಚ್ಚು ದಕ್ಕುತ್ತದೆ. ಅಂಥ ವಾದಕ್ಕೆ ಬೇಕಾದ ಬೆರಕೆ ಅಲ್ಲಿತ್ತು. ಸುಮಾರು ನೂರಕ್ಕೆ ಅರವತ್ತು ವಿದ್ಯಾರ್ಥಿಗಳು ಸಿಂಗಪುರದವರು, ಉಳಿದವರು ಹತ್ತಾರು ದೇಶಗಳಿಂದ ಬಂದವರು. ಎಲ್ಲರಿಗೂ ವಾಸ ಕ್ಯಾಂಪಸ್ಸಿನಲ್ಲೇ. ಸಾಗಾ, ಎಲ್ಮ್, ಸೆಂಡಾನ ಎಂಬ ಮೂರು ನಿವಾಸಗಳು, ಪ್ರತಿಯೊಂದಕ್ಕೂ ಅದರದೇ ಊಟದ ಮನೆ.

ಮೊದಲ ವರ್ಷ, ಅಂದರೆ 2013ರಲ್ಲಿ, 11,000ಕ್ಕೂ ಹೆಚ್ಚು ಅರ್ಜಿಗಳು ಬಂದು 157 ಮಂದಿ ಸೇರಿದರು. ಈ ಅರ್ಜಿ ಸಂಖ್ಯೆಯನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಯೇಲ್‌ಗೆ ಅರ್ಜಿ ಹಾಕುವವರು ಒಂದು ಚೌಕಕ್ಕೆ ಗುರುತು ಹಾಕಿದರೆ ಅದೇ ಅರ್ಜಿ ಸಿಂಗಪುರಕ್ಕೂ ಹೋಗುತ್ತಿತ್ತು. ಆದರೂ ಕಾಲೇಜು ವರ್ಷಕ್ಕೆ ಸುಮಾರು 250ರಂತೆ ಒಟ್ಟು ಸಾವಿರ ವಿದ್ಯಾರ್ಥಿಗಳ ಗುರಿಯ ಹತ್ತಿರಕ್ಕೆ ಬಂತು. 2015ರಲ್ಲಿ ಪ್ರಧಾನಿ ಲೀ ಸಿಯೆನ್ ಲೂಂಗ್ ಅವರು ಹೊಸ ಕ್ಯಾಂಪಸ್ ಉದ್ಘಾಟಿಸಿದರು. ಬೌದ್ಧ ತತ್ತ್ವಶಾಸ್ತ್ರದ ವಿದ್ವಾಂಸ ಜೇ ಗಾರ್‌ಫೀಲ್ಡ್ ಅಲ್ಲಿ ಕೆಲಕಾಲ ಕಲಿಸಿದರು. ಅವರ ಪೀಠಕ್ಕೆ ಇದ್ದ ಹೆಸರು ವಾಟರ್‌ಲೂ ರಸ್ತೆಯ ಕ್ವಾನ್ ಇಮ್ ಮಂದಿರದ್ದು. ಆ ಮಂದಿರಕ್ಕೆ ಬರುವ ಚೀನೀ ಭಕ್ತರು ಪಕ್ಕದ ಕೃಷ್ಣ ದೇವಸ್ಥಾನದಲ್ಲೂ ಊದುಬತ್ತಿ ಹಚ್ಚಿ ಹೋಗುತ್ತಾರೆ. ಮಂದಿರದ ಕಾಣಿಕೆ ತತ್ತ್ವಶಾಸ್ತ್ರದ ಪೀಠವಾಗುವುದು ನಮ್ಮ ಮುಜರಾಯಿ ಇಲಾಖೆಗೂ ಹೊಳೆದರೆ ಚೆನ್ನ.

ಸ್ವಾತಂತ್ರ್ಯದ ವಾದ

ಇತ್ತ ನ್ಯೂ ಹೇವನ್‌ನಲ್ಲಿ ಅಸಮಾಧಾನ ಹೊಗೆಯಾಡುತ್ತಿತ್ತು. ತಮ್ಮನ್ನು ಸರಿಯಾಗಿ ಕೇಳದೆ ಒಪ್ಪಂದವಾಗಿದೆ ಎಂಬ ಸಿಟ್ಟು ಯೇಲ್ ಅಧ್ಯಾಪಕರಲ್ಲಿತ್ತು. 2012ರ ಏಪ್ರಿಲ್ 5ರಂದು ಅವರ ಸಭೆ ಸಿಂಗಪುರದಲ್ಲಿ ನಾಗರಿಕ ಮತ್ತು ರಾಜಕೀಯ ಹಕ್ಕುಗಳಿಗೆ ಗೌರವ ಇಲ್ಲದಿರುವ ಬಗ್ಗೆ ಕಳವಳ ಸೂಚಿಸುವ ನಿರ್ಣಯವನ್ನು 100–69 ಮತಗಳಿಂದ ಅಂಗೀಕರಿಸಿತು. ರಾಜಕೀಯ ತತ್ತ್ವಜ್ಞೆ ಸೈಲಾ ಬೆನ್‌ಹಬೀಬ್ ಅದನ್ನು ಮಂಡಿಸಿದವರು. ಅದೇ ವರ್ಷ ಕಾಲೇಜಿನ ಮೊದಲ ಅಧ್ಯಕ್ಷ ಪೆರಿಕ್ಲೀಸ್ ಲೂಯಿಸ್, ಕ್ಯಾಂಪಸ್ಸಿನಲ್ಲಿ ರಾಜಕೀಯ ಪ್ರತಿಭಟನೆಗೂ ಪಕ್ಷಗಳ ವಿದ್ಯಾರ್ಥಿ ಘಟಕಗಳಿಗೂ ಅವಕಾಶವಿಲ್ಲ ಎಂದಾಗ ಮಾನವ ಹಕ್ಕು ಸಂಘಟನೆಗಳು ಹರಿಹಾಯ್ದವು.

ಆತಂಕ ಪೊಳ್ಳಾಗಿರಲಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಸಿಂಗಪುರದ ಹೆಸರಾಂತ ನಾಟಕಕಾರರೊಬ್ಬರು ನಡೆಸಬೇಕಿದ್ದ, ಭಿನ್ನಮತವನ್ನು ಕುರಿತ ಒಂದು ವಾರದ ಕಾರ್ಯಕ್ರಮವನ್ನು ಕಾಲೇಜು ರದ್ದುಪಡಿಸಿತು. ಆ ಹೊತ್ತಿಗೆ ಯೇಲ್‌ಗೆ ಮರಳಿದ್ದ ಲೂಯಿಸ್ ಅವರೇ ಬಂದು ವಿಚಾರಣೆ ನಡೆಸಿದರು. ಸರ್ಕಾರದ ಕೈವಾಡಕ್ಕೆ ಸಾಕ್ಷ್ಯ ಸಿಗಲಿಲ್ಲ, ನಿರ್ಧಾರ ಕಾಲೇಜಿನೊಳಗೇ ಆದದ್ದು ಎಂದು ಅವರ ವರದಿ ಹೇಳಿತು. ಬಳಿಕ ಶಿಕ್ಷಣ ಸಚಿವರು ಸಂಸತ್ತಿನಲ್ಲಿ ಎದ್ದು ಆ ನಾಟಕಕಾರರ ಕವಿತೆಯ ಸಾಲುಗಳನ್ನೇ ಓದಿ ಟೀಕಿಸಿದರು. ಹೊರಗಿನಿಂದ ಯಾರೂ ಆಜ್ಞೆ ಮಾಡದೆಯೂ ಸಂಸ್ಥೆಯೊಂದು ತಾನಾಗಿ ತಗ್ಗುವುದು ಹೇಗೆಂದು ಗೊತ್ತಿಲ್ಲದವರು ಭಾರತದಲ್ಲಿ ಕಡಿಮೆ.

ಆದರೂ ಇದೇ ಕ್ಯಾಂಪಸ್ಸಿನಲ್ಲಿ ಸಿಂಗಪುರದ ಬೇರೆಡೆ ಬಾಯಿ ಬಿಡಲು ಹಿಂಜರಿಯುವ ವಿಷಯಗಳು ಚರ್ಚೆಗೆ ಬರುತ್ತಿದ್ದವು, ಅಧ್ಯಾಪಕರು ತಮ್ಮ ಪಠ್ಯಗಳನ್ನು ತಾವೇ ಆರಿಸಿಕೊಳ್ಳುತ್ತಿದ್ದರು. ಎರಡೂ ಕಡೆಯ ವಾದಕ್ಕೆ ಆಧಾರವಿತ್ತು. ಅದಕ್ಕೇ ವಾದ ಮುಗಿಯಲೇ ಇಲ್ಲ.

ಮುಚ್ಚಿದ್ದು ಹೇಗೆ

ಮುಚ್ಚುವ ನಿರ್ಧಾರ ಎನ್‌ಯುಎಸ್‌ನದು. ಒಪ್ಪಂದದ ಪ್ರಕಾರ 2025ರಲ್ಲಿ ಎರಡರಲ್ಲಿ ಯಾರು ಬೇಕಾದರೂ ಹೊರನಡೆಯಬಹುದಿತ್ತು. ಎನ್‌ಯುಎಸ್ ಆ ಅವಕಾಶವನ್ನು ಬಳಸಿಕೊಂಡಿತು. ಕಾಲೇಜಿನ ಎರಡನೆಯ ಅಧ್ಯಕ್ಷ ತಾನ್ ತಾಯ್ ಯಾಂಗ್ ಅವರಿಗೂ (ಪಂಜಾಬಿನ ಸೈನಿಕ ಇತಿಹಾಸ ಮತ್ತು ದೇಶವಿಭಜನೆಯ ಬಗ್ಗೆ ಬರೆದ ಇತಿಹಾಸಕಾರ ಅವರು) ಯೇಲ್‌ಗೂ ಸುದ್ದಿ ಮುಟ್ಟಿದ್ದು ಜುಲೈ ತಿಂಗಳಲ್ಲಿ, ಅದೂ ನಿರ್ಧಾರವಾಗಿ ಹೋದ ಮೇಲೆ. ಅಧ್ಯಾಪಕರು ಮತ್ತು ವಿದ್ಯಾರ್ಥಿಗಳಿಗೆ ಆಗಸ್ಟ್ ಕೊನೆಯ ಪ್ರಕಟಣೆಯೇ ಮೊದಲ ಸುದ್ದಿ.

ಎನ್‌ಯುಎಸ್ ಅಧ್ಯಕ್ಷ ತಾನ್ ಎಂಗ್ ಚೈ ಕೊಟ್ಟ ಕಾರಣಗಳಲ್ಲಿ ಮೊದಲನೆಯದು ಹೊಸ ದಾರಿ: 2001ರಿಂದ ನಡೆಯುತ್ತಿದ್ದ ‘ಯೂನಿವರ್ಸಿಟಿ ಸ್ಕಾಲರ್ಸ್ ಪ್ರೋಗ್ರಾಂ’ ಮತ್ತು ಯೇಲ್–ಎನ್‌ಯುಎಸ್ ಎರಡನ್ನೂ ಸೇರಿಸಿ, ಹೆಚ್ಚು ವಿದ್ಯಾರ್ಥಿಗಳಿಗೆ ಎಟಕುವ ಒಂದೇ ಕಾಲೇಜು ಮಾಡುವುದು. ಎರಡನೆಯದು ಹಣ. 2021ರ ಸೆಪ್ಟೆಂಬರ್ 13ರಂದು ಸಂಸತ್ತಿನಲ್ಲಿ ಶಿಕ್ಷಣ ಸಚಿವ ಚಾನ್ ಚುನ್ ಸಿಂಗ್ ಇದನ್ನು ಇನ್ನಷ್ಟು ಬಿಡಿಸಿ ಹೇಳಿದರು. ದೇಣಿಗೆ, ಅದಕ್ಕೆ ಸರ್ಕಾರ ಸೇರಿಸುವ ಪಾಲು, ಹೂಡಿಕೆಯ ಆದಾಯ ಎಲ್ಲ ಸೇರಿ ಸುಮಾರು 100 ಕೋಟಿ ಸಿಂಗಪುರ ಡಾಲರಿನ ಮೂಲನಿಧಿ ಕಟ್ಟುವುದು ಮೊದಲಿನ ಗುರಿ. ಕೂಡಿದ್ದು ಅದರ ಅರ್ಧಕ್ಕಿಂತ ಕಡಿಮೆ. ಒಬ್ಬ ವಿದ್ಯಾರ್ಥಿಗೆ ತಗಲುವ ವೆಚ್ಚ ಎನ್‌ಯುಎಸ್‌ನ ಇತರ ಮಾನವಿಕ, ವಿಜ್ಞಾನ ವಿದ್ಯಾರ್ಥಿಗಳ ವೆಚ್ಚದ ಎರಡು ಪಟ್ಟಿಗೂ ಹೆಚ್ಚು. ಶೈಕ್ಷಣಿಕ ಸ್ವಾತಂತ್ರ್ಯಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೂ ಅವರು ಹೇಳಿದರು.

ಹಣದ ಲೆಕ್ಕ ಸುಳ್ಳಲ್ಲ. ಸಣ್ಣ ತರಗತಿ, ವಸತಿ, ಎಂಟು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕ ಎಂಬ ಅನುಪಾತ, ಇವೆಲ್ಲ ಅಗ್ಗವಲ್ಲ. ಅಮೆರಿಕದಲ್ಲಿ ಇಂಥ ಕಾಲೇಜುಗಳನ್ನು ನಡೆಸುವುದು ತಲೆಮಾರುಗಳ ಹಳೆಯ ವಿದ್ಯಾರ್ಥಿಗಳ ದೇಣಿಗೆ. ಎಂಟು ವರ್ಷದ ಕಾಲೇಜಿನ ಮೊದಲ ಪದವೀಧರರು ಆಗಿನ್ನೂ ಮೂವತ್ತು ದಾಟಿರಲಿಲ್ಲ. ಅವರಿಂದ ಯಾವ ದೇಣಿಗೆ ಬಂದೀತು? ಗುರಿ ಮುಟ್ಟಿಲ್ಲ ಎಂಬುದು ಸರಿ, ಮುಟ್ಟಲು ಸಮಯ ಕೊಟ್ಟರೇ ಎಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ತೆರಿಗೆದಾರರ ಹಣದಲ್ಲಿ ಕೆಲವರಿಗಷ್ಟೇ, ಅದರಲ್ಲೂ ವಿದೇಶೀಯರಿಗೆ, ಇಷ್ಟು ಖರ್ಚೇಕೆ ಎಂದು ಸಿಂಗಪುರದ ಸಾಮಾನ್ಯರಲ್ಲಿ ಇದ್ದ ಗೊಣಗಾಟವೂ ಸರ್ಕಾರದ ಕಿವಿಗೆ ಬಿದ್ದಿರಲೇಬೇಕು. ಅದನ್ನೂ ಅನ್ಯಾಯದ ಗೊಣಗಾಟ ಎನ್ನಲಾರೆ.

ಮೇಲಿನಿಂದ ಹೇರಿದ ನಿರ್ಧಾರ ಬೇಡ ಎಂಬ ಮನವಿಗೆ ಹತ್ತು ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದರು. ಪೋಷಕರು ಪತ್ರ ಬರೆದರು. ಏನೂ ಬದಲಾಗಲಿಲ್ಲ. ಯೇಲ್ ಅಧ್ಯಕ್ಷ ಪೀಟರ್ ಸ್ಯಾಲೊವೆ ಹೇಳಿಕೆ ಕೊಟ್ಟು, ಕಾಲೇಜನ್ನು ಮುಂದುವರಿಸುವುದೇ ತಮಗೆ ಇಷ್ಟವಿತ್ತು ಎಂದರು. ಅಷ್ಟೇ. ಮಂಡಳಿಯ ಅರ್ಧ ಸ್ಥಾನಗಳು ಯೇಲ್‌ನವಾಗಿದ್ದರೂ ಈ ನಿರ್ಧಾರ ಮಂಡಳಿಯ ಮೇಜಿಗೆ ಬರುವಂಥದ್ದಾಗಿರಲಿಲ್ಲ. ಹಣ ಹಾಕದವರಿಗೆ, ಪದವಿ ಕೊಡದವರಿಗೆ, ಬೇಡ ಎನ್ನುವ ಅಧಿಕಾರ ಎಲ್ಲಿಂದ ಬರಬೇಕು?

ಇಲ್ಲಿ ಯೇಲ್ ಎಂಬ ಹೆಸರಿನ ಕಥೆ ನೆನಪಾಗುತ್ತದೆ. ಎಲೈಹು ಯೇಲ್ 1687ರಿಂದ 1692ರವರೆಗೆ ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯ ಗವರ್ನರ್ ಆಗಿದ್ದವನು, ಅಲ್ಲಿನ ವ್ಯಾಪಾರದಲ್ಲಿ ಸಂಪತ್ತು ಕೂಡಿಸಿದವನು. 1718ರಲ್ಲಿ ಅವನು ಕಳುಹಿಸಿದ ಸರಕಿನ ಗಂಟುಗಳು ಮತ್ತು 417 ಪುಸ್ತಕಗಳಿಗೆ ಪ್ರತಿಯಾಗಿ ಅಮೆರಿಕದ ಒಂದು ಸಣ್ಣ ಕಾಲೇಜು ಅವನ ಹೆಸರಿಟ್ಟುಕೊಂಡಿತು. ಅಂದು ಹಣ ಏಷ್ಯಾದಿಂದ ಹೋಗಿ ಹೆಸರು ಅಲ್ಲಿ ನಿಂತಿತು. 2011ರಲ್ಲಿ ಹಣ ಏಷ್ಯಾದ್ದು, ಹೆಸರು ಅಲ್ಲಿಂದ ಬಂತು. ಹತ್ತು ವರ್ಷದ ಬಳಿಕ ಆ ಹೆಸರಿಲ್ಲದೆಯೂ ತನಗೆ ನಡೆಯುತ್ತದೆ ಎಂದು ಎನ್‌ಯುಎಸ್‌ಗೆ ಅನ್ನಿಸಿತು. ಸಿಂಗಪುರದ ಕಡೆಯಿಂದ ನೋಡಿದರೆ ಇದನ್ನು ಸೋಲು ಎನ್ನುವುದೂ ಕಷ್ಟ. ಪಠ್ಯಕ್ರಮ ಕಟ್ಟುವ ವಿದ್ಯೆ, ನೇಮಿಸಿದ ಅನೇಕ ಅಧ್ಯಾಪಕರು, ಕಟ್ಟಡಗಳು ಎಲ್ಲ ಅಲ್ಲೇ ಉಳಿದವು. 2022ರಲ್ಲಿ ಆರಂಭವಾದ ಎನ್‌ಯುಎಸ್ ಕಾಲೇಜು ವಸತಿ ಸಹಿತ ಕಲಿಕೆಯನ್ನೂ ಒಂದು ಸಾಮಾನ್ಯ ಪಠ್ಯಕ್ರಮವನ್ನೂ ಉಳಿಸಿಕೊಂಡಿದೆ.

ಪೆಟ್ಟು ಬಿದ್ದದ್ದು ನಡುವೆ ಸಿಕ್ಕವರಿಗೆ. ವರ್ಷ ವರ್ಷವೂ ಒಂದೊಂದು ತಂಡ ಹೊರಟುಹೋಗಿ, 2024–25ರಲ್ಲಿ ಉಳಿದದ್ದು ಕೊನೆಯ ತಂಡವೊಂದೇ. ಸಂಘಗಳಿಗೆ ಕಿರಿಯರಿಲ್ಲ, ಬೇರೆಡೆ ಕೆಲಸ ಸಿಕ್ಕ ಅಧ್ಯಾಪಕರು ಹೊರಟರು. 2025ರ ಮೇ ತಿಂಗಳಲ್ಲಿ ಗ್ರಂಥಾಲಯದ ಪುಸ್ತಕಗಳನ್ನು ಚೀಲಗಳಲ್ಲಿ ತುಂಬಿ ರದ್ದಿಗೆ ಸಾಗಿಸುತ್ತಿರುವುದು ವಿದ್ಯಾರ್ಥಿಗಳ ಕಣ್ಣಿಗೆ ಬಿತ್ತು. ಬಹುಪಾಲು ಪುಸ್ತಕಗಳು ಬೇರೆ ಗ್ರಂಥಾಲಯಗಳಿಗೆ ಹೋಗಿದ್ದರೂ, ಸುಮಾರು 500 ಪುಸ್ತಕಗಳನ್ನು ವಿದ್ಯಾರ್ಥಿಗಳಿಗೆ ಕೊಡದೆ ವಿಲೇವಾರಿ ಮಾಡಿದ್ದಕ್ಕೆ ಎನ್‌ಯುಎಸ್ ಕ್ಷಮೆ ಕೇಳಬೇಕಾಯಿತು.

ಡ್ಯೂಕ್ ಮತ್ತು ಬೆಂಗಳೂರು

ಇದೇ ಎನ್‌ಯುಎಸ್ ಜೊತೆ ಡ್ಯೂಕ್ ಕಟ್ಟಿದ ವೈದ್ಯಕೀಯ ಶಾಲೆ ಇಂದಿಗೂ ನಡೆಯುತ್ತಿದೆ. ಅಲ್ಲಿನ ಎಂ.ಡಿ. ಪದವಿಯನ್ನು ಎರಡೂ ವಿಶ್ವವಿದ್ಯಾಲಯಗಳು ಜಂಟಿಯಾಗಿ ಕೊಡುತ್ತವೆ. ವೈದ್ಯಕೀಯ ಸಂಶೋಧನೆ ಸಿಂಗಪುರದ ಆರ್ಥಿಕತೆಗೆ ಬೇಕು, ತತ್ತ್ವಶಾಸ್ತ್ರದ ಮಾತು ಬೇರೆ ಎನ್ನಬಹುದು. ಆ ವ್ಯತ್ಯಾಸ ಇದ್ದೇ ಇದೆ. ಆದರೆ ಪದವಿ ಪತ್ರದ ಮೇಲೆ ಎರಡೂ ಹೆಸರಿದ್ದಾಗ ಒಬ್ಬರೇ ಎದ್ದು ಬಾಗಿಲು ಹಾಕುವುದು ಅಷ್ಟು ಸಲೀಸಾಗಿರುವುದಿಲ್ಲ.

ಭಾರತ ಹಿಡಿದಿರುವ ದಾರಿ ಮೂರನೆಯದು. 2023ರ ನವೆಂಬರ್‌ನಲ್ಲಿ ಯುಜಿಸಿ ಹೊರಡಿಸಿದ ನಿಯಮಗಳ ಪ್ರಕಾರ ವಿದೇಶಿ ವಿಶ್ವವಿದ್ಯಾಲಯ ತನ್ನದೇ ಕ್ಯಾಂಪಸ್ ತೆರೆಯಬೇಕು, ತನ್ನದೇ ಹೆಸರಿನ ಪದವಿ ಕೊಡಬೇಕು. ಸೌತಾಂಪ್ಟನ್ ವಿಶ್ವವಿದ್ಯಾಲಯ ಗುರುಗ್ರಾಮಕ್ಕೆ ಹೀಗೆ ಬಂತು. ಬೆಂಗಳೂರಿನಲ್ಲಿ ಕ್ಯಾಂಪಸ್ ಸ್ಥಾಪಿಸಲು ಲಿವರ್‌ಪೂಲ್ ವಿಶ್ವವಿದ್ಯಾಲಯಕ್ಕೆ 2025ರಲ್ಲಿ ಒಪ್ಪಿಗೆ ಪತ್ರ ಸಿಕ್ಕಿತು. ಇಲ್ಲಿ ಮಾಲೀಕರು, ಪದವಿ ಕೊಡುವವರು, ಕೀಲಿ ಇಟ್ಟುಕೊಂಡವರು ಒಬ್ಬರೇ ಆದ್ದರಿಂದ ಯೇಲ್‌ಗೆ ಆದದ್ದು ಅವರಿಗೆ ಆಗುವುದಿಲ್ಲ. ಹೋಲಿಸಬೇಕಾದದ್ದು ನ್ಯೂ ಸೌತ್ ವೇಲ್ಸ್ ಪ್ರಕರಣದ ಜೊತೆ: ನಿರೀಕ್ಷಿಸಿದಷ್ಟು ಜನ ಬರದಿದ್ದರೆ ದೂರದ ಊರಿನ ಆಡಳಿತ ಏನು ಮಾಡುತ್ತದೆ? ಯುಜಿಸಿ ಇದನ್ನು ಊಹಿಸಿದೆ. ತನ್ನ ಅನುಮತಿಯಿಲ್ಲದೆ ಕೋರ್ಸನ್ನೂ ಕ್ಯಾಂಪಸ್ಸನ್ನೂ ಮುಚ್ಚುವಂತಿಲ್ಲ, ಕೋರ್ಸ್ ನಿಂತರೆ ವಿದ್ಯಾರ್ಥಿಗಳಿಗೆ ಬದಲಿ ವ್ಯವಸ್ಥೆ ಮಾಡುವ ಹೊಣೆ ಮೂಲ ವಿಶ್ವವಿದ್ಯಾಲಯದ್ದು, ಬೇಕಾದರೆ ತನ್ನ ಕೋರ್ಸಿಗೇ ಅವರನ್ನು ಸೇರಿಸಿಕೊಳ್ಳಬೇಕು ಎಂದು ನಿಯಮ ಹೇಳುತ್ತದೆ.

2007ರಲ್ಲಿ ಸಿಂಗಪುರ ಕ್ಯಾಂಪಸ್ಸಿನ 148 ಮಂದಿಗೂ ಸಿಡ್ನಿಯಲ್ಲಿ ಸೀಟು ಕೊಡುತ್ತೇವೆಂದು ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯ ಹೇಳಿತ್ತು, ನೆರವಿನ ಹಣದ ಭರವಸೆಯನ್ನೂ ಸೇರಿಸಿತ್ತು. ಬೆಂಗಳೂರಿನ ಮನೆಯಿಂದ ಕಾಲೇಜಿಗೆ ಹೋಗಿಬರುವ ವಿದ್ಯಾರ್ಥಿಗೆ ಇಂಗ್ಲೆಂಡಿನಲ್ಲಿ ಸೀಟು ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಅಲ್ಲಿನ ಶುಲ್ಕದ ವ್ಯತ್ಯಾಸ, ವೀಸಾ, ಊಟ, ಬಾಡಿಗೆ ಯಾರ ತಲೆಗೆ ಎಂಬುದನ್ನು ಯುಜಿಸಿಯ ಆ ವಾಕ್ಯ ಹೇಳುವುದಿಲ್ಲ. ಪ್ರವೇಶದ ಅರ್ಜಿಗೆ ಸಹಿ ಹಾಕುವ ತಂದೆತಾಯಿ ಅದನ್ನು ಈಗಲೇ, ಲಿಖಿತವಾಗಿ ಕೇಳಿ ಪಡೆಯಬೇಕು.